ನಾಪೋಕ್ಲು ಮೈದಾನ, ಎರಡನೇ ಸುತ್ತು

ಹದಿನಾರು ಅಂಗಿ ಹೊಲಿದವನು ಮೂರ್ನಾಡಿನ ದರ್ಜಿ.
ಹದಿನಾರರ ಬೆನ್ನಿಗೂ ಒಂದೇ ಮನೆಹೆಸರು,
ಒಂದೊಂದರಲ್ಲಿ ಒಂದೊಂದು ಅಕ್ಷರ ಸೊಟ್ಟ.
ನನ್ನದು ನಾಲ್ಕನೇ ನಂಬರು, ಹಿಂದಿನ ಸಾಲು.
ನನ್ನ ಹಿಂದೆ, ಬಲೆಗೆ ಬೆನ್ನು ಕೊಟ್ಟು
ಪ್ಯಾಡು ಕಟ್ಟಿ ನಿಂತವರು ಬೆಳ್ಯಪ್ಪ ಚಿಕ್ಕಪ್ಪ,
ಅರವತ್ತೊಂದು ವರ್ಷ, ಕೆಇಬಿಯ ಹಳೇ ಲೈನ್‌ಮನ್.
ಪುತ್ತರಿಯ ರಾತ್ರಿಯಿಂದ ನಮ್ಮಲ್ಲಿ ಮಾತಿಲ್ಲ.

ಆ ರಾತ್ರಿ ಆದದ್ದು ಇಷ್ಟು:
ಕದಿರು ತಂದು ಕಟ್ಟಿ,
ತಂಬುಟ್ಟು ಕಲಸುವ ಹೊತ್ತಿಗೆ ಅವರು ಶುರುಮಾಡಿದರು,
ಲೈನ್‌ಮನೆಯ ಅಸ್ಸಾಮಿನವರ ಬಗ್ಗೆ:
ಯಾರು ಇರಬೇಕು, ಯಾರು ಹೋಗಬೇಕು,
ಪಟ್ಟಿ ಯಾರು ಬರೆಯಬೇಕು.
ಆ ಅಸ್ಸಾಮಿನವರು ಕುಯ್ದ ಕಾಫಿ
ಅಂಗಳದಲ್ಲಿ ಟಾರ್ಪಾಲಿನಡಿ ಮಲಗಿತ್ತು.
ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.
ಅದಕ್ಕೆ ನಾಚಿಕೆಯಿಲ್ಲ ನನಗೆ.
ನಾಚಿಕೆ ಕೊನೆಯ ಮಾತಿನದ್ದು:
“ಅಪ್ಪ ಇದ್ದಿದ್ದರೆ ನಿಮ್ಮ ಪಕ್ಕ ಕೂರುತ್ತಿರಲಿಲ್ಲ.”
ಅಪ್ಪನ ಚಟ್ಟಕ್ಕೆ ಮುಂದಿನ ಹೆಗಲು ಅವರದ್ದೇ.
ಗೊತ್ತಿದ್ದೇ ಆಡಿದೆ.
ತಂಬುಟ್ಟು ಯಾರೂ ತಿನ್ನಲಿಲ್ಲ.
ನಾಯಿಗೆ ಹಾಕಿದೆ ಎಂದರು ಬೊಳ್ಳಮ್ಮತ್ತೆ,
ಅದೂ ಪೂರ್ತಿ ತಿನ್ನಲಿಲ್ಲವಂತೆ.

ಕಳೆದ ವಾರ ಓಟಿಗೆ ಹೋದದ್ದು ಅವರ ಜೀಪಿನಲ್ಲೇ,
ನಮ್ಮ ಬೂತಿನ ಕಡೆ ಬೇರೆ ಗಾಡಿಯಿಲ್ಲ.
ಹೋಗುತ್ತ ಮೌನ, ಬರುತ್ತ ಮೌನ,
ನಡುವೆ ಐದು ನಿಮಿಷದಲ್ಲಿ
ಅವರ ಓಟನ್ನು ನಾನು ಅಳಿಸಿದೆ, ನನ್ನದನ್ನು ಅವರು.
“ಇಬ್ಬರೂ ಮನೆಯಲ್ಲೇ ಕೂತಿದ್ದರೆ
ಡೀಸೆಲ್ ಉಳಿಯುತ್ತಿತ್ತು,” ಎಂದಿತು ಹಿಂದಿನ ಸೀಟು.
ಬೊಳ್ಳಮ್ಮತ್ತೆ ಯಾರಿಗೆ ಒತ್ತುತ್ತಾರೆಂದು
ನಲವತ್ತು ವರ್ಷದಿಂದ ಗಂಡನಿಗೂ ತಿಳಿದಿಲ್ಲ.

ಆದರೆ ಗೋಲ್‌ಕೀಪರ್ ಆದವನು
ಬ್ಯಾಕ್ ಆಡುವವಳ ಜೊತೆ ಮಾತು ಬಿಟ್ಟರೆ
ಆಟ ನಡೆಯುವುದಿಲ್ಲ.
ಮೂರನೇ ನಿಮಿಷಕ್ಕೆ ಹಿಂದಿನಿಂದ ಗುಡುಗು:
“ಎಡಕ್ಕೆ! ಎಡಕ್ಕೆ ಹೋಗು, ಮೂಡಿ!”
ತಿಂಗಳುಗಳ ಮೇಲೆ ಮೊದಲ ಮಾತು,
ಅದೂ ಇದು, ಅದೂ ಆ ಬಾಯಿಂದ.
ನನಗೆ ನಗು ಬಂದು ಚೆಂಡು ಕೋಲಿನಡಿ ಜಾರಿತು.
“ನಗ್ತೀಯಾ? ಬಲಗಡೆ ಖಾಲಿ ಬಿದ್ದಿದೆ, ನೋಡು!”
“ಬಲಗಡೆಗೆ ನೀವಿದ್ದೀರಲ್ಲ,” ಎಂದೆ, ತಿರುಗದೆ.
ಒಂದು ಗಳಿಗೆ ಸದ್ದಿಲ್ಲ.
ಹೆಲ್ಮೆಟ್ಟಿನೊಳಗೆ ನಕ್ಕರೋ, ಹಲ್ಲು ಕಡಿದರೋ,
ನನ್ನ ಬೆನ್ನಿಗೆ ಕಣ್ಣಿಲ್ಲ.

ಸೋತೆವು, ಟೈಬ್ರೇಕರಿನಲ್ಲಿ.
ಅಪ್ಪಚ್ಚು ಹೊಡೆದದ್ದು ಕಂಬಕ್ಕೆ ಬಡಿದು ವಾಪಸು ಬಂತು,
ಮನೆಗೆ ಬಂದ ನೆಂಟನ ಹಾಗೆ, ಸಾವಕಾಶ.

ಗೆರೆಯಾಚೆ ನೆರಳಿನಲ್ಲಿ ಚಿಕ್ಕಪ್ಪ,
ಮೊಣಕಾಲು ಬಗ್ಗದೆ, ಪ್ಯಾಡು ಬಿಚ್ಚಲಾಗದೆ.
ಕುಕ್ಕರುಗಾಲಲ್ಲಿ ಕೂತು ಬಕಲಿಗೆ ಕೈ ಹಾಕಿದೆ.
ಬೆವರು, ನೋವಿನ ಮುಲಾಮು, ಹಳೇ ಚರ್ಮದ ವಾಸನೆ.
“ಅಪ್ಪನ ಹೆಸರು ನಾನು ಎತ್ತಬಾರದಿತ್ತು,”
ಎಂದೆ, ಬಕಲಿಗೆ ಹೇಳುವಂತೆ.
“ಎತ್ತಬಾರದಿತ್ತು,” ಎಂದರು.
ಅಷ್ಟೇ. ನಾನು ಕಾದೆ.
ಎರಡನೇ ಬಕಲು, ಮೂರನೇ ಬಕಲು.
“ಆ ಅಸ್ಸಾಮಿನ ಹುಡುಗನ ಕೈ ಮುರಿದಾಗ
ರಾತ್ರಿ ಮಡಿಕೇರಿಗೆ ಒಯ್ದವನು ನಾನೇ,” ಎಂದರು ಕೊನೆಗೆ.
“ಗೊತ್ತು.”
“ಅದು ಬೇರೆ, ಇದು ಬೇರೆ.”
“ಬೇರೆ ಅಲ್ಲ, ಚಿಕ್ಕಪ್ಪ.”
“ಬೇರೆ.”
ಬೊಳ್ಳಮ್ಮತ್ತೆ ಕ್ಯಾರಿಯರ್ ಬಿಚ್ಚಿ ನಡುವೆ ಇಟ್ಟರು,
ಕಡುಂಬುಟ್ಟು, ಪಂದಿಕರಿ, ತಟ್ಟೆ ಎರಡೇ.
ಉಳಿದವನ್ನು ಯಾರೋ ಜೀಪಿನಲ್ಲಿ ಮರೆತಿದ್ದರು,
ಅಥವಾ ಮರೆತಿರಲಿಲ್ಲ.
ಒಂದೇ ತಟ್ಟೆಗೆ ಕೈ ಹಾಕಿದೆವು.
ಬೆರಳ ಶಾಯಿ ಅವರದ್ದೂ ಮಾಸಿರಲಿಲ್ಲ, ನನ್ನದೂ.
ಕಚಂಪುಳಿ ಸ್ವಲ್ಪ ಹೆಚ್ಚಾಗಿತ್ತು.
ಅದರಲ್ಲಿ ಇಬ್ಬರದ್ದೂ ಒಂದೇ ಅಭಿಪ್ರಾಯ,
ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಐದು ಹತ್ತಕ್ಕೆ ಫೋನು ನಡುಗಿತು.
ಒಂದು ಹೂವು, ಒಂದು ದೇವರು,
ಕೆಳಗೆ ಯಾರದ್ದೋ ಉದ್ದ ಭಾಷಣ.
ತೆರೆಯದೆ ಬರೆದೆ: “ಮೊಣಕಾಲು ಹೇಗಿದೆ?”
ಎರಡು ಗೀಟು ನೀಲಿಯಾದವು.
ಬೆಟ್ಟದಾಚೆ ಅವರು ಕನ್ನಡಕ ಹುಡುಕುತ್ತಿರಬೇಕು,
ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿರಬೇಕು.
ಬಂತು:
“ಊದಿದೆ. ಮೊದಲು ಅದನ್ನು ಓದು.”